ಕಾಯಿಲೆ ಬರುವ ಮೊದಲೇ ಮಾತ್ರೆ ಯಾಕೆ?

ಕಳೆದ ಸಂಚಿಕೆಯಲ್ಲಿ ನಾನು ನಮ್ಮೂರ ಕೆರೆಗೆ ಬರುವ ಹಕ್ಕಿಗಳ ಬಗ್ಗೆ ಬರೆದಿದ್ದೆ. ಈ ಸಲ ಕ್ಷಯರೋಗದ ವಿಷಯ, ಅಂದರೆ ನಾವೆಲ್ಲ ಟಿ.ಬಿ. ಅಂತೀವಲ್ಲ, ಅದರ ವಿಷಯ. ಆದರೆ ಟಿ.ಬಿ. ಬಂದವರು ನುಂಗುವ ಮಾತ್ರೆಯ ಬಗ್ಗೆ ಅಲ್ಲ. ಟಿ.ಬಿ. ಬಾರದೇ ಇರುವವರು ನುಂಗುವ ಮಾತ್ರೆಯ ಬಗ್ಗೆ. ಹಾಗೂ ಒಂದು ಮಾತ್ರೆ ಉಂಟಾ ಅಂತ ಕೇಳಬೇಡಿ. ಉಂಟು, ನಾನೇ ನುಂಗಿದ್ದೇನೆ.

ಇದನ್ನು ಬರೆಯಬೇಡ ಅಂತ ಅಮ್ಮ ಹೇಳಿದ್ದರು. "ಊರಿಗೆಲ್ಲ ಡಂಗುರ ಹೊಡೀಬೇಕಾ?" ಅಂದರು. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಡಂಗುರ ಆಗ್ಲೇ ಹೊಡೆದಾಗಿದೆ. ಇವಳು ಸರಿಯಾಗಿ ಹೊಡೀಲಿ ಬಿಡು" ಅಂದರು. ತಾತನನ್ನೂ ಕೇಳಿದೆ. "ನನ್ನ ಹೆಸರು ದಪ್ಪ ಅಕ್ಷರದಲ್ಲಿ ಬರಿ" ಅಂತ ನಕ್ಕರು. ಹೆಸರು ಬರೆದಿಲ್ಲ, ಮೇಷ್ಟ್ರು ಬೇಡ ಅಂದರು.

ಶುರುವಾದದ್ದು ತಾತನ ಕೆಮ್ಮಿನಿಂದ. ಕಳೆದ ವರ್ಷ ರಾಗಿ ಹೊಲಕ್ಕೆ ಕುಂಟೆ ಹೊಡೆಯುವ ಕಾಲದಲ್ಲಿ ತಾತನಿಗೆ ಕೆಮ್ಮು ಹಿಡಿಯಿತು. ಬೀಡಿ ಕೆಮ್ಮು ಅಂತ ಎಲ್ಲರೂ ಬಿಟ್ಟುಬಿಟ್ಟರು. ಆಮೇಲೆ ಪೇಟೆಯಲ್ಲಿ ಒಬ್ಬ ಡಾಕ್ಟರಿಗೆ ತೋರಿಸಿದರು. ಅವರು ಕೆಮ್ಮಿನ ಸಿರಪ್ ಕೊಟ್ಟರು. ಒಂದು ಬಾಟಲಿ ಮುಗಿಯಿತು, ಇನ್ನೊಂದು, ಮತ್ತೊಂದು. ಸಂಜೆಯಾದರೆ ಮೈ ಬಿಸಿ, ರಾತ್ರಿ ಬೆವರು, ಅಂಗಿ ತೋಳು ಜೋತಾಡುವಷ್ಟು ಸಣ್ಣಗಾದರು. ದೀಪಾವಳಿ ಹೊತ್ತಿಗೆ ನಮ್ಮೂರ ಆಶಾ ಅಕ್ಕ ಮನೆಮನೆ ಸುತ್ತುತ್ತಾ ಬಂದವರು ತಾತನ ಕೆಮ್ಮು ಕೇಳಿಸಿಕೊಂಡು, "ಎರಡು ವಾರಕ್ಕಿಂತ ಹೆಚ್ಚು ಕೆಮ್ಮಿದ್ರೆ ಕಫ ಪರೀಕ್ಷೆ ಮಾಡಿಸ್ಲೇಬೇಕು" ಅಂತ ಡಬ್ಬಿ ಕೊಟ್ಟು ಹೋದರು. ಪರೀಕ್ಷೆಯಲ್ಲಿ ಟಿ.ಬಿ. ಅಂತ ಬಂತು.

ಇಲ್ಲಿ ಒಂದು ಸಂಗತಿ ಹೇಳಬೇಕು. ಇದನ್ನು ನಮ್ಮ ವಿಜ್ಞಾನದ ಮೇಷ್ಟ್ರು ಹೇಳಿದಾಗ ನನಗೆ ಆಶ್ಚರ್ಯವಾಯಿತು. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. ಅಲ್ಲಿಯ ವಿಜ್ಞಾನಿಗಳು ಮೊದಮೊದಲು ಬಂದು ಪರೀಕ್ಷೆ ಮಾಡಿದ್ದು ನಮ್ಮ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲೇ! ಹಳ್ಳಿ ಜನಕ್ಕೆ ರೋಗದ ಅರಿವಿಲ್ಲ, ಅವರು ಆಸ್ಪತ್ರೆಗೇ ಹೋಗೋದಿಲ್ಲ ಅಂತ ಆಗ ಪಟ್ಟಣದವರು ತಿಳಿದಿದ್ದರಂತೆ. ಡಿ. ಬ್ಯಾನರ್ಜಿ ಮತ್ತು ಆಂಡರ್ಸನ್ ಎಂಬ ಇಬ್ಬರು ವಿಜ್ಞಾನಿಗಳು ರೋಗಿಗಳ ಮನೆಗೇ ಹೋಗಿ ಮಾತಾಡಿಸಿ 1963ರಲ್ಲಿ ಬರೆದದ್ದೇ ಬೇರೆ. ಅರ್ಧಕ್ಕೂ ಹೆಚ್ಚು ರೋಗಿಗಳು ತಾವಾಗಿಯೇ ಆಸ್ಪತ್ರೆಗೆ ಹೋಗಿದ್ದರು, ಅಲ್ಲಿ ಅವರಿಗೆ ಸಿಕ್ಕಿದ್ದು ಬರೀ ಕೆಮ್ಮಿನ ಔಷಧಿ. ಅಂದರೆ ನಮ್ಮ ತಾತನ ಕಥೆಯೇ. ಅರವತ್ತು ವರ್ಷ ಆದ ಮೇಲೂ ನಮ್ಮ ಮನೆಯಲ್ಲಿ ಸಿರಪ್ ಬಾಟಲಿ ಮೂರಾದವು.

ಆ ಮೂರು ಬಾಟಲಿ ಮುಗಿಯುವ ಕಾಲದಲ್ಲಿ ತಾತ ಯಾರ ಪಕ್ಕ ಮಲಗುತ್ತಿದ್ದರು ಗೊತ್ತಾ? ನನ್ನ ಪಕ್ಕ. ನಡುಮನೆಯಲ್ಲಿ, ಕಿಟಕಿ ಹಾಕಿಕೊಂಡು, ಕಥೆ ಹೇಳುತ್ತಾ.

ತಾತನಿಗೆ ಮಾತ್ರೆ ಶುರುವಾಯಿತು. ಆರು ತಿಂಗಳು, ದಿನವೂ, ದುಡ್ಡಿಲ್ಲದೆ. ಮೊಟ್ಟೆ ಬೇಳೆ ತಿನ್ನಲಿ ಅಂತ ಸರ್ಕಾರದಿಂದ ತಿಂಗಳಿಗೆ 1000 ರೂಪಾಯಿ ಅವರ ಖಾತೆಗೆ ಬರುತ್ತದೆ. ಅದು ಮೊದಲು 500 ಇತ್ತು, 2024ರ ನವೆಂಬರಿನಿಂದ 1000 ಆಗಿದೆ. ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆವು. ಆದರೆ ಒಂದು ವಾರ ಬಿಟ್ಟು ಆಸ್ಪತ್ರೆಯವರು ಮತ್ತೆ ಬಂದರು. ಈ ಸಲ ತಾತನನ್ನು ಕೇಳಲಿಲ್ಲ, ನಮ್ಮನ್ನು ಕೇಳಿದರು. ಮನೇಲಿ ಯಾರ್ಯಾರು ಇದ್ದೀರಿ, ಯಾರಿಗೆ ಕೆಮ್ಮು, ಯಾರಿಗೆ ಜ್ವರ, ಯಾರು ತೂಕ ಇಳಿದಿದ್ದೀರಿ. ಎಲ್ಲರನ್ನೂ ಎಕ್ಸ್-ರೇ ತೆಗೆಸಿದರು. ಯಾರಿಗೂ ರೋಗವಿಲ್ಲ. ಆಮೇಲೆ ಮುಂಗೈ ಒಳಭಾಗಕ್ಕೆ ಸಣ್ಣ ಸೂಜಿಯಲ್ಲಿ ಒಂದು ತೊಟ್ಟು ಔಷಧಿ ಚುಚ್ಚಿದರು. ಸೈ-ಟಿಬಿ ಪರೀಕ್ಷೆ ಅಂತ ಅದರ ಹೆಸರು. ಎರಡು ಮೂರು ದಿನ ಬಿಟ್ಟು ಚುಚ್ಚಿದ ಜಾಗ ಗಟ್ಟಿಯಾಗಿ ಊದಿದರೆ ಅಳೆಯುತ್ತಾರೆ. 5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಮೈಯಲ್ಲಿ ಟಿ.ಬಿ. ಸೋಂಕು ಇದೆ ಅಂತ. ಅಪ್ಪನಿಗೂ ಚಿಕ್ಕಮ್ಮನಿಗೂ ಏನೂ ಊದಲಿಲ್ಲ. ಅಮ್ಮ, ಅಜ್ಜಿ, ಚಿಕ್ಕಪ್ಪ ಮತ್ತು ನನಗೆ ಊದಿತು. ನನ್ನದು 11 ಮಿಲಿಮೀಟರ್. ಯಾವ ಪರೀಕ್ಷೆಯಲ್ಲೂ ಹೆಚ್ಚು ನಂಬರ್ ಬಂದಿದ್ದಕ್ಕೆ ನಾನು ಅತ್ತಿದ್ದು ಅದೊಂದೇ ಸಲ.

ಮಾರನೆಯ ದಿನ ಶಾಲೆಯಲ್ಲಿ ನನ್ನ ಬೆಂಚಿನಲ್ಲಿ ನಾನೊಬ್ಬಳೇ ಕೂತಿದ್ದೆ. ಬಿಸಿಯೂಟದಲ್ಲೂ ಅಷ್ಟೆ. ಯಾರು ಏನು ಅಂತ ಬರೆಯೋದಿಲ್ಲ, ಈಗ ಎಲ್ಲರೂ ಮೊದಲಿನಂತೆ ಇದ್ದೇವೆ. ಆದರೆ ಆಗ ನನಗೆ ಉತ್ತರ ಕೊಡಲು ಗೊತ್ತಿರಲಿಲ್ಲ. ಈಗ ಗೊತ್ತು, ಅದಕ್ಕೇ ಬರೆಯುತ್ತಿದ್ದೇನೆ.

ಸೋಂಕು ಬೇರೆ, ರೋಗ ಬೇರೆ. ಇದೊಂದು ಅರ್ಥವಾದರೆ ಉಳಿದದ್ದೆಲ್ಲ ಸುಲಭ. ಟಿ.ಬಿ. ಒಂದು ಬ್ಯಾಕ್ಟೀರಿಯಾದಿಂದ ಬರುತ್ತದೆ. 1882ನೇ ಇಸವಿ ಮಾರ್ಚ್ 24ರಂದು ಜರ್ಮನಿಯ ರಾಬರ್ಟ್ ಕಾಕ್ ಎಂಬ ವಿಜ್ಞಾನಿ ಅದನ್ನು ಕಂಡುಹಿಡಿದೆನೆಂದು ಪ್ರಕಟಿಸಿದರು. ಈಗಲೂ ಆ ದಿನವನ್ನೇ ಕ್ಷಯರೋಗ ದಿನ ಅಂತ ಮಾಡುತ್ತಾರೆ. ಶ್ವಾಸಕೋಶದ ಟಿ.ಬಿ. ಇರುವವರು ಕೆಮ್ಮಿದಾಗ ಕಣ್ಣಿಗೆ ಕಾಣದಷ್ಟು ಸಣ್ಣ ಹನಿಗಳಲ್ಲಿ ಈ ಕ್ರಿಮಿ ಗಾಳಿಗೆ ಬರುತ್ತದೆ. ಗಾಳಿಯಾಡದ ಕೋಣೆಯಲ್ಲಿ ಬಹಳ ಹೊತ್ತು ತೇಲಾಡಿಕೊಂಡಿರುತ್ತದೆ. ಅದನ್ನು ಉಸಿರಿನ ಜೊತೆ ಒಳಗೆ ಎಳೆದುಕೊಂಡರೆ ಸೋಂಕು ತಗಲುತ್ತದೆ. ತಟ್ಟೆಯಿಂದ ಅಲ್ಲ, ಲೋಟದಿಂದ ಅಲ್ಲ, ಕೈ ಮುಟ್ಟಿದರೆ ಅಲ್ಲ, ಒಂದೇ ಬೆಂಚಿನಲ್ಲಿ ಕೂತರೆ ಅಲ್ಲ.

ಒಳಗೆ ಹೋದ ಕ್ರಿಮಿಯನ್ನು ನಮ್ಮ ಬಿಳಿ ರಕ್ತಕಣಗಳು ಸುತ್ತುವರಿದು ಒಂದು ಗೋಡೆ ಕಟ್ಟುತ್ತವೆ. ಕ್ರಿಮಿ ಸಾಯೋದಿಲ್ಲ, ಹೊರಗೂ ಬರೋದಿಲ್ಲ. ಅಲ್ಲೇ ನಿದ್ದೆ ಮಾಡುತ್ತದೆ. ಇದಕ್ಕೆ ಸುಪ್ತ ಸೋಂಕು ಅನ್ನುತ್ತಾರೆ. ಸುಪ್ತ ಸೋಂಕು ಇರುವವರಿಗೆ ಕೆಮ್ಮಿಲ್ಲ, ಜ್ವರವಿಲ್ಲ, ಅವರ ಕಫದಲ್ಲಿ ಕ್ರಿಮಿಯಿಲ್ಲ, ಅವರಿಂದ ಯಾರಿಗೂ ಹರಡುವುದಿಲ್ಲ. ಅಂದರೆ ಆ ದಿನ ನನ್ನಿಂದ ದೂರ ಕೂತವರು ಸುಮ್ಮನೆ ಇಕ್ಕಟ್ಟಾಗಿ ಕೂತು ಕಷ್ಟಪಟ್ಟರು.

ಹಾಗಾದರೆ ಮಲಗಿರುವ ಕ್ರಿಮಿಯ ಗೊಡವೆ ನಮಗ್ಯಾಕೆ? ಚಿಕ್ಕಪ್ಪನೂ ಇದನ್ನೇ ಕೇಳಿದರು. ಅದಕ್ಕೆ ಆರೋಗ್ಯ ಕೇಂದ್ರದ ಅಣ್ಣ ಹೇಳಿದ ಮಾತು ನಮ್ಮ ಮನೆಯವರಿಗೆಲ್ಲ ಪಟ್ಟನೆ ಹತ್ತಿತು. "ನಿಮ್ಮ ಹೊಲದಲ್ಲಿ ಜೇಕು ಇದೆಯಾ?" ಅಂತ ಕೇಳಿದರು. ಇಲ್ಲದೆ ಏನು? ಜೇಕು ಕಿತ್ತು ಕಿತ್ತು ನನ್ನ ಬೆರಳಿನ ಚರ್ಮವೇ ಹೋಗಿದೆ. ಬೇಸಿಗೆಯಲ್ಲಿ ಹೊಲ ನೋಡಿದರೆ ಒಂದು ಎಸಳೂ ಇರೋದಿಲ್ಲ, ಬರೀ ಮಣ್ಣು. ಗೆಡ್ಡೆ ಮಾತ್ರ ಕೆಳಗೆ ಮಲಗಿರುತ್ತದೆ. ಒಂದು ಹದ ಮಳೆ ಬಿದ್ದರೆ ಸಾಕು, ರಾಗಿಗಿಂತ ಮೊದಲು ಅದೇ ಎದ್ದು ನಿಂತಿರುತ್ತದೆ. ಮೈಯೊಳಗಿನ ಕ್ರಿಮಿಗೂ ಹಾಗೊಂದು ಮಳೆ ಬೇಕು. ಹೊಟ್ಟೆಗೆ ಸರಿಯಾಗಿ ಇಲ್ಲದೆ ಸೊರಗಿದಾಗ, ಸಕ್ಕರೆ ಕಾಯಿಲೆ ಬಂದಾಗ, ಎಚ್.ಐ.ವಿ. ಇದ್ದಾಗ, ವಯಸ್ಸಾದಾಗ ಆ ಗೋಡೆ ಸಡಿಲವಾಗುತ್ತದೆ. ಕ್ರಿಮಿ ಎದ್ದು ಬೆಳೆಯುತ್ತದೆ. ಆವಾಗ ಅದು ರೋಗ. ತಾತನಿಗೂ ಯಾವ ಕಾಲದಲ್ಲಿ ಸೋಂಕು ತಗಲಿತ್ತೋ, ಎದ್ದದ್ದು ಈಗ ಇರಬಹುದು.

ನಮ್ಮ ದೇಶದಲ್ಲಿ 2019ರಿಂದ 2021ರವರೆಗೆ ಒಂದು ದೊಡ್ಡ ಸಮೀಕ್ಷೆ ನಡೆಯಿತು. ಅದರ ಪ್ರಕಾರ 15 ವರ್ಷ ದಾಟಿದವರಲ್ಲಿ ನೂರಕ್ಕೆ ಸುಮಾರು 31 ಜನರಲ್ಲಿ ಈ ಸೋಂಕು ಇದೆ. ನಮ್ಮ ಶಾಲೆಯ ಎಸ್.ಡಿ.ಎಂ.ಸಿ. ಸಭೆಯಲ್ಲಿ ಕೂತವರನ್ನು ಎಣಿಸಿ ನೋಡಿ, ಮೂರರಲ್ಲಿ ಒಬ್ಬರ ಹತ್ತಿರ ಹತ್ತಿರ ಆಗುತ್ತದೆ. ಯಾರನ್ನು ಬಿಟ್ಟು ಯಾರು ದೂರ ಕೂರೋದು?

ನನಗೆ ತೋಳಿನ ಮೇಲೆ ಬಿ.ಸಿ.ಜಿ. ಗುರುತು ಇದೆ, ನಿಮಗೂ ಇರುತ್ತದೆ. ಹುಟ್ಟಿದಾಗಲೇ ಹಾಕಿದ್ದು. ಆ ಲಸಿಕೆ ಇದ್ದೂ ಇದೆಲ್ಲ ಯಾಕೆ ಬಂತು ಅಂತ ನಾನು ಕೇಳಿದೆ. ಬಿ.ಸಿ.ಜಿ. ಪುಟ್ಟ ಮಕ್ಕಳನ್ನು ಮೆದುಳಿನ ಟಿ.ಬಿ. ಮುಂತಾದ ಘೋರ ಟಿ.ಬಿ.ಯಿಂದ ಕಾಯುತ್ತದೆ. ದೊಡ್ಡವರಾದ ಮೇಲೆ ಬರುವ ಶ್ವಾಸಕೋಶದ ಟಿ.ಬಿ.ಯನ್ನು ಅಷ್ಟಾಗಿ ತಡೆಯುವುದಿಲ್ಲ. ಇದು ತಮಿಳುನಾಡಿನ ಚೆಂಗಲ್ಪಟ್ಟಿನಲ್ಲಿ 1968ರಲ್ಲಿ ಶುರುವಾದ ದೊಡ್ಡ ಪ್ರಯೋಗದಿಂದ ಗೊತ್ತಾಯಿತಂತೆ. ಅದಕ್ಕೇ ಮಾತ್ರೆ ಬೇಕು.

ಈಗ ಚಿಕ್ಕಪ್ಪನ ವಾದ. ನಮ್ಮ ಚಿಕ್ಕಪ್ಪ ಲೆಕ್ಕದಲ್ಲಿ ಜೋರು. ಸೋಂಕು ಇರುವ ನೂರು ಜನರಲ್ಲಿ ಜೀವಮಾನದಲ್ಲಿ ರೋಗ ಬರುವುದು 5ರಿಂದ 10 ಜನಕ್ಕೆ ಅಂತ ಆಸ್ಪತ್ರೆಯವರೇ ಹೇಳಿದರು. ಚಿಕ್ಕಪ್ಪ ತಕ್ಷಣ ಹಿಡಿದುಕೊಂಡರು. "ಹಂಗಾದ್ರೆ ತೊಂಬತ್ತು ಜನ ಸುಮ್ಸುಮ್ನೆ ಮಾತ್ರೆ ನುಂಗ್ಬೇಕಾ?" ಇದು ಸುಳ್ಳು ಲೆಕ್ಕವಲ್ಲ, ನಿಜವಾದ ಲೆಕ್ಕವೇ. ನನಗೂ ಆ ದಿನ ಚಿಕ್ಕಪ್ಪ ಗೆದ್ದರು ಅನ್ನಿಸಿತು. ಆದರೆ ಆ ಹತ್ತು ಜನ ಯಾರು ಅಂತ ಮೊದಲೇ ಹೇಳುವ ಪರೀಕ್ಷೆ ಇಲ್ಲ. ಸೋಂಕು ತಗಲಿದ ಮೊದಲ ಎರಡು ವರ್ಷದಲ್ಲೇ ರೋಗ ಏಳುವುದು ಹೆಚ್ಚು. ರೋಗಿಯ ಜೊತೆ ಒಂದೇ ಮನೆಯಲ್ಲಿದ್ದವರಿಗೆ ಸೋಂಕು ಹೊಸದಾಗಿ ತಗಲಿರುವ ಸಂಭವ ಜಾಸ್ತಿ. ಹಾಗಾಗಿ ಕಂಡಕಂಡವರಿಗೆಲ್ಲ ಮಾತ್ರೆ ಕೊಡೋದಿಲ್ಲ, ನಮ್ಮಂಥ ಮನೆಯವರಿಗೆ, ಎಚ್.ಐ.ವಿ. ಇರುವವರಿಗೆ, ಇನ್ನೂ ಕೆಲವರಿಗೆ ಹುಡುಕಿ ಕೊಡುತ್ತಾರೆ. ಐದು ವರ್ಷದೊಳಗಿನ ಮಕ್ಕಳಾದರೆ ಚರ್ಮದ ಪರೀಕ್ಷೆಗೂ ಕಾಯೋದಿಲ್ಲ. ರೋಗ ಇಲ್ಲ ಅಂತ ನೋಡಿಕೊಂಡು ಕೊಟ್ಟುಬಿಡುತ್ತಾರೆ, ಯಾಕೆಂದರೆ ಮಕ್ಕಳಲ್ಲಿ ಅದು ಬೇಗ ಏಳುತ್ತದೆ, ಎದ್ದರೆ ಉಗ್ರವಾಗಿರುತ್ತದೆ. ನಮ್ಮ ಮನೆಯಲ್ಲಿ ಚಿಕ್ಕಪ್ಪನ ಮಗುವಿಗೆ ಒಂದೂವರೆ ವರ್ಷ. ಅದಕ್ಕೆ ಆರು ತಿಂಗಳು ದಿನಾ ಐಸೋನಿಯಾಜಿಡ್ ಎಂಬ ಒಂದೇ ಔಷಧಿ, ನೀರಲ್ಲಿ ಕದಡಿ. ನಮಗೆ ಕೊಟ್ಟ ವಾರದ ಮಾತ್ರೆ ಎರಡು ವರ್ಷ ತುಂಬದ ಮಕ್ಕಳಿಗೆ ಇಲ್ಲ.

ಒಂದು ಅನುಮಾನ ನನಗೇ ಬಂದಿತ್ತು. ತಾತನಿಗೆ ನಾಲ್ಕು ಔಷಧಿ, ಆರು ತಿಂಗಳು. ನಮಗೆ ಎರಡೇ ಔಷಧಿ, ಮೂರು ತಿಂಗಳು. ಅದೇ ಕ್ರಿಮಿ ಅಲ್ಲವಾ? ಕ್ರಿಮಿ ಅದೇ, ಸಂಖ್ಯೆ ಬೇರೆ. ರೋಗ ಎದ್ದವರ ಶ್ವಾಸಕೋಶದಲ್ಲಿ ಕೋಟಿಗಟ್ಟಲೆ ಇರುತ್ತವೆ. ಅಷ್ಟರಲ್ಲಿ ಕೆಲವಕ್ಕೆ ಒಂದೊಂದು ಔಷಧಿಗೆ ಬಗ್ಗದ ಗುಣ ಹುಟ್ಟಿಕೊಂಡಿರುತ್ತದೆ. ಆದ್ದರಿಂದ ನಾಲ್ಕು ಕಡೆಯಿಂದ ಹೊಡೆಯಬೇಕು. ಮಲಗಿರುವವರಲ್ಲಿ ಕ್ರಿಮಿ ಬಹಳ ಕಡಿಮೆ. ಇದಕ್ಕಾಗಿಯೇ ಮಾತ್ರೆ ಕೊಡುವ ಮೊದಲು ಎಕ್ಸ್-ರೇ ತೆಗೆಸಿದ್ದು. ರೋಗ ಎದ್ದಿರುವವರಿಗೆ ತಿಳಿಯದೆ ಈ ಕಡಿಮೆ ಔಷಧಿ ಕೊಟ್ಟರೆ ಕ್ರಿಮಿ ಸಾಯುವ ಬದಲು ಮೊಂಡಾಗುತ್ತದೆ. ಪಕ್ಕದ ಮನೆಯವರ ಮಾತ್ರೆ ಕಡ ತಂದು ನುಂಗುವ ಅಭ್ಯಾಸ ನಮ್ಮೂರಲ್ಲಿ ಇದೆಯಲ್ಲ, ಇದರಲ್ಲಿ ಅದು ಆಗದು.

ಈ ಮಾತ್ರೆಯ ಚರಿತ್ರೆ ತುಂಬ ಚೆನ್ನಾಗಿದೆ. ಹೊರದೇಶದ ಸಂಗತಿಗಳನ್ನೆಲ್ಲ ಮೇಷ್ಟ್ರು ಓದಿ ನನಗೆ ಬಿಡಿಸಿ ಹೇಳಿದರು. ಐಸೋನಿಯಾಜಿಡನ್ನು ಮೊದಲು ತಯಾರಿಸಿದ್ದು 1912ರಲ್ಲಿ, ಪ್ರಾಗ್ ನಗರದಲ್ಲಿ, ಇಬ್ಬರು ರಸಾಯನಶಾಸ್ತ್ರದವರು. ಅದರಿಂದ ಟಿ.ಬಿ. ಹೋಗುತ್ತದೆ ಅಂತ ಅವರಿಗೂ ಗೊತ್ತಿಲ್ಲ, ಯಾರಿಗೂ ಗೊತ್ತಿಲ್ಲ. ಅದು ಗೊತ್ತಾಗಿದ್ದು 40 ವರ್ಷ ಕಳೆದು 1952ರಲ್ಲಿ. ಆ 40 ವರ್ಷದಲ್ಲಿ ಎಷ್ಟು ಜನ ಸತ್ತರೋ! ಔಷಧಿ ಸೀಸೆಯಲ್ಲೇ ಇತ್ತು.

ಆಮೇಲೆ ಅಲಾಸ್ಕಾ. ಭೂಪಟದಲ್ಲಿ ಅಮೆರಿಕದ ಮೇಲಿನ ಎಡಮೂಲೆಯಲ್ಲಿ ಹಿಮದ ನಾಡು ಇದೆ ನೋಡಿ, ಅದು. ಅಲ್ಲಿಯ ಮೂಲನಿವಾಸಿಗಳಲ್ಲಿ ಟಿ.ಬಿ. ಆಗ ಲೋಕದಲ್ಲೇ ಅತಿ ಹೆಚ್ಚು ಇದ್ದ ಕಡೆಗಳಲ್ಲಿ ಒಂದು. 1957ರಲ್ಲಿ ಜಾರ್ಜ್ ಕಾಮ್‌ಸ್ಟಾಕ್ ಎಂಬ ಡಾಕ್ಟರು ಬೆತೆಲ್ ಎಂಬ ಊರಿನ ಸುತ್ತಲಿನ ಹಳ್ಳಿಗಳಲ್ಲಿ ಒಂದು ಪ್ರಯೋಗ ಶುರು ಮಾಡಿದರು. ಕೆಲವು ಮನೆಗಳಿಗೆ ವರ್ಷವಿಡೀ ಐಸೋನಿಯಾಜಿಡ್, ಕೆಲವು ಮನೆಗಳಿಗೆ ನೋಡಲು ಹಾಗೇ ಇರುವ, ಔಷಧಿಯಿಲ್ಲದ ಮಾತ್ರೆ. ಔಷಧಿ ಸಿಕ್ಕವರಲ್ಲಿ ಟಿ.ಬಿ. ಸುಮಾರು ನೂರಕ್ಕೆ 70ರಷ್ಟು ಕಡಿಮೆಯಾಯಿತು. ಔಷಧಿ ಸಿಗದವರಿಗೂ ಆಮೇಲೆ ನಿಜವಾದ ಮಾತ್ರೆ ಕೊಟ್ಟರು. ಜನಕ್ಕೆ ಧೈರ್ಯ ಬರಲಿ ಅಂತ ಆ ಡಾಕ್ಟರು ತಾವೂ ನುಂಗಿ ತಮ್ಮ ಮನೆಯವರಿಗೂ ನುಂಗಿಸಿದರಂತೆ. ಇದನ್ನು ಓದಿ ಹೇಳಿದಾಗ ನಮ್ಮ ಅಜ್ಜಿ "ಹಂಗಿರ್ಬೇಕು ಡಾಕ್ಟ್ರು" ಅಂದರು.

ಮಲಗಿದ್ದ ಕ್ರಿಮಿಯನ್ನು ಮಲಗಿದ್ದಲ್ಲೇ ಕೊಲ್ಲಬಹುದು ಅಂತ ಆಯಿತು. ಆದರೆ ಒಂದು ವರ್ಷ, ಒಂಬತ್ತು ತಿಂಗಳು, ಆರು ತಿಂಗಳು ಅಂತ ದಿನಾ ನುಂಗಬೇಕು. ಜ್ವರ ಬಂದಾಗಲೇ ನಾವು ಮೂರು ದಿನದ ಮಾತ್ರೆಯನ್ನು ಎರಡು ದಿನಕ್ಕೆ ಬಿಡುತ್ತೇವೆ. ಏನೂ ಆಗದೇ ಇರುವವರು ಒಂಬತ್ತು ತಿಂಗಳು ನುಂಗುತ್ತಾರೆಯೇ? ಮಾತ್ರೆ ಒಳ್ಳೆಯದಿದ್ದರೂ ಡಬ್ಬಿಯಲ್ಲೇ ಉಳಿಯಿತು. ಇದೇ ದೊಡ್ಡ ತೊಡಕು.

ಇನ್ನೊಂದು ಔಷಧಿ ಮಣ್ಣಿನಿಂದ ಬಂತು. 1957ರಲ್ಲಿ ಇಟಲಿಯ ಮಿಲಾನ್ ನಗರದ ವಿಜ್ಞಾನಿಗಳು ಫ್ರಾನ್ಸಿನ ಸಮುದ್ರ ತೀರದ ಪೈನ್ ಮರದ ಕಾಡಿನ ಮಣ್ಣನ್ನು ಪರೀಕ್ಷಿಸುವಾಗ ಅದರಲ್ಲಿದ್ದ ಒಂದು ಬ್ಯಾಕ್ಟೀರಿಯಾ ಬೇರೆ ಕ್ರಿಮಿಗಳನ್ನು ಕೊಲ್ಲುವುದನ್ನು ಕಂಡರು. ಆಗ ಓಡುತ್ತಿದ್ದ ರಿಫಿಫಿ ಎಂಬ ಸಿನಿಮಾದ ಹೆಸರಿನಿಂದ ಆ ಔಷಧಿಗಳಿಗೆ ಹೆಸರು ಬಂತು! ಅದೇ ಕುಲದ್ದು ತಾತ ನುಂಗುತ್ತಿದ್ದ ರಿಫಾಂಪಿಸಿನ್, ನಾನು ನುಂಗಿದ ರಿಫಾಪೆಂಟಿನ್. ಎರಡಕ್ಕೂ ವ್ಯತ್ಯಾಸ ಏನೆಂದರೆ ರಿಫಾಪೆಂಟಿನ್ ರಕ್ತದಲ್ಲಿ ಬಹಳ ಹೊತ್ತು ನಿಲ್ಲುತ್ತದೆ. ಟಿ.ಬಿ. ಕ್ರಿಮಿ ಬೇರೆ ಬಲು ಸೋಮಾರಿ. ಬೇರೆ ಕೆಲವು ಬ್ಯಾಕ್ಟೀರಿಯಾ 20 ನಿಮಿಷಕ್ಕೆ ಒಂದು ಎರಡಾದರೆ ಇದು ಒಂದು ಎರಡಾಗಲು ಸುಮಾರು ಒಂದು ದಿನ ತೆಗೆದುಕೊಳ್ಳುತ್ತದೆ. ಹೀಗಾಗಿ ವಾರಕ್ಕೊಂದು ಸಲ ಕೊಟ್ಟರೂ ನಡೆಯಬಹುದು ಅಂತ ವಿಜ್ಞಾನಿಗಳಿಗೆ ಹೊಳೆಯಿತು.

ಹೊಳೆದರೆ ಸಾಕೇ? ಅಮೆರಿಕ, ಕೆನಡಾ, ಬ್ರೆಜಿಲ್, ಸ್ಪೇನ್ ದೇಶಗಳ 7,731 ಜನರ ಮೇಲೆ ಪರೀಕ್ಷೆ ಮಾಡಿ 2011ರಲ್ಲಿ ಪ್ರಕಟಿಸಿದರು. ಅರ್ಧ ಜನಕ್ಕೆ ಒಂಬತ್ತು ತಿಂಗಳು ದಿನಾ ಐಸೋನಿಯಾಜಿಡ್, ಅಂದರೆ 270 ಸಲ. ಇನ್ನರ್ಧ ಜನಕ್ಕೆ ಎರಡೂ ಔಷಧಿ ಸೇರಿಸಿ ವಾರಕ್ಕೊಮ್ಮೆ 12 ವಾರ, ಅಂದರೆ 12 ಸಲ. 270 ಸಲದವರಲ್ಲಿ 15 ಜನಕ್ಕೆ ಟಿ.ಬಿ. ಬಂತು. 12 ಸಲದವರಲ್ಲಿ 7 ಜನಕ್ಕೆ. ಪೂರ್ತಿ ಮುಗಿಸಿದವರು ಅಲ್ಲಿ ನೂರಕ್ಕೆ 69, ಇಲ್ಲಿ 82. ಕಡಿಮೆ ನುಂಗಿದವರಿಗೆ ಲಾಭ ಕಡಿಮೆಯಾಗಲಿಲ್ಲ. ನಮ್ಮ ದೇಶದ ಮಾರ್ಗಸೂಚಿಗೆ ಈ 12 ವಾರದ ಕ್ರಮ 2021ರಲ್ಲಿ ಸೇರಿತು. ಒಂದೇ ತಿಂಗಳು ದಿನಾ ನುಂಗುವ ಕ್ರಮವೂ ಬಂದಿದೆ. ಅದನ್ನು ಎಚ್.ಐ.ವಿ. ಇರುವ 3,000 ಜನರಲ್ಲಿ ಪರೀಕ್ಷಿಸಿ 2019ರಲ್ಲಿ ಪ್ರಕಟಿಸಿದರು. ನಾನು ಅದನ್ನು ನುಂಗಿಲ್ಲ, ಹಾಗಾಗಿ ಅಷ್ಟಕ್ಕೇ ಬಿಡುತ್ತೇನೆ.

ಈಗ ನನ್ನ 12 ವಾರ. ಯಾವ ವಾರ ನುಂಗೋದು ಅಂತಲೇ ಮನೆಯಲ್ಲಿ ಒಂದು ಪಂಚಾಯ್ತಿ ಆಯಿತು. ಆಶಾ ಅಕ್ಕ ಸೋಮವಾರ ಅಂದರು. ಅಜ್ಜಿಗೆ ಸೋಮವಾರ ಉಪವಾಸ. ರಿಫಾಪೆಂಟಿನ್ ಊಟದ ಜೊತೆ ನುಂಗಿದರೇ ಮೈಗೆ ಚೆನ್ನಾಗಿ ಹತ್ತೋದು, ಹೊಟ್ಟೆಯೂ ತೊಳಸೋದಿಲ್ಲ. ಶಿವನಿಗೂ ಮಾತ್ರೆಗೂ ಜಗಳ ಬೇಡ ಅಂತ ಭಾನುವಾರ ಗೊತ್ತು ಮಾಡಿದೆವು.

ಮೊದಲ ಭಾನುವಾರ ನನಗೆ ಸಿಟ್ಟು ಬಂತು. ಅಮ್ಮನಿಗೆ, ಅಜ್ಜಿಗೆ, ಚಿಕ್ಕಪ್ಪನಿಗೆ ಮೂರು ಮೂರು ಮಾತ್ರೆ. ನನಗೆ ಹನ್ನೆರಡು! ದೊಡ್ಡವರಿಗೆ ಎರಡೂ ಔಷಧಿ ಸೇರಿಸಿದ ದೊಡ್ಡ ಮಾತ್ರೆ ಇದೆ. ನನಗೆ 14 ವರ್ಷ ಆಗಿಲ್ಲದ್ದರಿಂದ ತೂಕ ನೋಡಿ ಬೇರೆ ಬೇರೆ ಸಣ್ಣ ಮಾತ್ರೆ ಲೆಕ್ಕ ಹಾಕಿದರು. ನನ್ನ ತೂಕ 34 ಕಿಲೋ, ಅದಕ್ಕೆ ಒಂದು ಬಗೆಯವು ಏಳು, ಇನ್ನೊಂದು ಬಗೆಯವು ಐದು. ತಟ್ಟೆಯಲ್ಲಿ ಹುಣಸೆ ಬೀಜ ಸುರಿದ ಹಾಗೆ ಕಾಣುತ್ತಿತ್ತು. ಮುದ್ದೆ ನುಂಗುವವರಿಗೆ ಮಾತ್ರೆ ಏನು ಮಹಾ ಅಂತ ತಾತ ಹೇಳಿದರು. ಮುದ್ದೆ ಮೆತ್ತಗಿರುತ್ತದೆ, ಮಾತ್ರೆ ಗಂಟಲಲ್ಲಿ ನಿಲ್ಲುತ್ತದೆ. ಕೊನೆಗೆ ಎರಡೆರಡಾಗಿ, ಊಟದ ನಡುನಡುವೆ ನುಂಗುವುದನ್ನು ಕಲಿತೆ.

ಆ ದಿನ ಸಾಯಂಕಾಲ ಬಚ್ಚಲಲ್ಲಿ ನಾನು ಕಿರುಚಿದೆ. ಮೂತ್ರ ಕಿತ್ತಳೆ ಬಣ್ಣ! ಮೊದಲೇ ಹೇಳಿದ್ದರು, ಆದರೂ ಕಣ್ಣಾರೆ ಕಂಡಾಗ ಜೀವ ಝಲ್ಲೆಂದಿತು. ಅದು ರಕ್ತವಲ್ಲ, ಔಷಧಿಯ ಬಣ್ಣ. ಬೆವರು, ಕಣ್ಣೀರಿಗೂ ಸ್ವಲ್ಪ ಬರುತ್ತದೆ. ಮಾರನೆಯ ದಿನದ ಹೊತ್ತಿಗೆ ಸರಿಹೋಗುತ್ತಿತ್ತು. ಒಂದೆರಡು ವಾರ ತಲೆನೋವು, ಮೈಕೈ ನೋವು, ವಾಕರಿಕೆ ಇತ್ತು. ಇವು ಹೆದರುವಂಥವಲ್ಲ. ಹೆದರಬೇಕಾದ್ದು ಬೇರೆ ಇದೆ. ಅಪರೂಪಕ್ಕೆ ಈ ಔಷಧಿಗಳಿಂದ ಯಕೃತ್ತಿಗೆ ತೊಂದರೆ ಆಗಬಹುದು. ಕಣ್ಣು ಹಳದಿಯಾದರೆ, ಊಟವೇ ಸೇರದೆ ವಾಂತಿ ನಿಲ್ಲದಿದ್ದರೆ, ಮೈಮೇಲೆ ದದ್ದು ಎದ್ದರೆ ಮುಂದಿನ ಮಾತ್ರೆ ನುಂಗದೆ ಆಸ್ಪತ್ರೆಗೆ ಓಡಬೇಕು. ಕುಡಿಯುವವರಿಗೆ ಈ ಅಪಾಯ ಹೆಚ್ಚು. ಬೇರೆ ಮಾತ್ರೆ ನುಂಗುತ್ತಿರುವವರೂ, ಬಸುರಿ ಹೆಂಗಸರೂ ಮೊದಲೇ ಡಾಕ್ಟರಿಗೆ ಹೇಳಬೇಕು. ಬಸುರಿಯರಿಗೆ ಈ ವಾರದ ಮಾತ್ರೆ ಕೊಡುವುದಿಲ್ಲ.

ಏಳನೇ ಭಾನುವಾರ ನಮ್ಮೂರ ಜಾತ್ರೆ. ತೇರು, ಪುರಿ, ಬತ್ತಾಸು, ನೆಂಟರು. ಮಾತ್ರೆ ಮರೆತೇಹೋಯಿತು. ಮಂಗಳವಾರ ಬೆಳಿಗ್ಗೆ ಕ್ಯಾಲೆಂಡರ್ ನೋಡಿದಾಗ ಎದೆ ಧಸಕ್ಕೆಂದಿತು. ಆಶಾ ಅಕ್ಕನ ಮನೆಗೆ ಓಡಿದೆ. ಎರಡು ದಿನದೊಳಗೆ ನೆನಪಾದರೆ ಅವತ್ತೇ ನುಂಗಿ ಮುಂದಿನದನ್ನು ಮಾಮೂಲಿನಂತೆ ಭಾನುವಾರ ನುಂಗಬಹುದು, ಆದರೆ ಮರೆತಿದ್ದಕ್ಕೆ ಒಂದೇ ದಿನ ಎರಡು ಸಲದ್ದು ನುಂಗಬಾರದು ಅಂದರು.

ನನ್ನ ಹಾಗೆ ಚಿಕ್ಕಪ್ಪ ಓಡಲಿಲ್ಲ. ಅವರು ಐದು ವಾರ ನುಂಗಿ ನಿಲ್ಲಿಸಿದರು. ಕಿತ್ತಳೆ ಬಣ್ಣ ಕಂಡು ಹೊಲದಲ್ಲಿ ಯಾರೋ ನಕ್ಕರಂತೆ. "ನಂಗೇನೂ ಆಗಿಲ್ಲ" ಅನ್ನುತ್ತಿದ್ದರು. ಅದೇ ಇದರ ಕಷ್ಟ. ಜ್ವರದ ಮಾತ್ರೆ ನುಂಗಿದರೆ ಜ್ವರ ಇಳಿಯುತ್ತದೆ, ಕಾಣುತ್ತದೆ. ಈ ಮಾತ್ರೆ ಕೆಲಸ ಮಾಡಿದರೂ ಏನೂ ಕಾಣೋದಿಲ್ಲ. ನಮ್ಮೆಲ್ಲರ ಕೋರ್ಸು ಮುಗಿಯಿತು. ಅಡಿಗೆಮನೆ ಗೋಡೆಯ ಕ್ಯಾಲೆಂಡರಿನಲ್ಲಿ ನನ್ನ ಸಾಲಿನಲ್ಲಿ 12 ಟಿಕ್, ಅಮ್ಮನಿಗೆ 12, ಅಜ್ಜಿಗೆ 12. ಚಿಕ್ಕಪ್ಪನಿಗೆ ಐದು, ಆಮೇಲೆ ಬರೀ ಬಿಳಿ.

ಒಂದು ದಿನ ನಾನು ಚಿಕ್ಕಪ್ಪನಿಗೆ ಅವರದೇ ಲೆಕ್ಕ ಹಾಕಿ ತೋರಿಸಿದೆ. ನೂರರಲ್ಲಿ ತೊಂಬತ್ತು ಜನಕ್ಕೆ ಏನೂ ಆಗೋದಿಲ್ಲ ಸರಿ, ನೀನು ಉಳಿದ ಹತ್ತರಲ್ಲಿ ಒಬ್ಬನಾದರೆ ರಾತ್ರಿ ನಿನ್ನ ಪಕ್ಕ ಮಲಗೋದು ಯಾರು ಅಂದೆ. ಚಿಕ್ಕಪ್ಪ ಮಾತಾಡಲಿಲ್ಲ. ಮಗು ಅವರ ತೊಡೆಯ ಮೇಲೇ ಇತ್ತು.

ಆಶಾ ಅಕ್ಕನ ಜೊತೆ ಆರೋಗ್ಯ ಕೇಂದ್ರಕ್ಕೆ ಹೋದರು. ನಾಲ್ಕು ವಾರಕ್ಕಿಂತ ಹೆಚ್ಚು ತಪ್ಪಿದೆ, ರೋಗ ಎದ್ದಿಲ್ಲ ಅಂತ ಮತ್ತೆ ನೋಡಿಕೊಂಡು ಮೊದಲಿನಿಂದ ಶುರು ಮಾಡಬೇಕು ಅಂದರು ಡಾಕ್ಟರು. ಮತ್ತೆ ಎಕ್ಸ್-ರೇ ಆಯಿತು, ಏನೂ ಇಲ್ಲ. ತಾತನ ಆರು ತಿಂಗಳೂ ಮುಗಿದು ಕಫದಲ್ಲಿ ಕ್ರಿಮಿಯಿಲ್ಲ ಅಂತ ಬಂದಿದೆ. ತೂಕ ಏಳು ಕಿಲೋ ಏರಿದೆ. ಬೀಡಿ ಬಿಟ್ಟಿದ್ದಾರೆ, ಬಿಟ್ಟಿದ್ದೇನೆ ಅಂತ ಹೇಳುತ್ತಾರೆ. ನಡುಮನೆಯ ಕಿಟಕಿ ಈಗ ರಾತ್ರಿಯೂ ತೆರೆದಿರುತ್ತದೆ, ಸೊಳ್ಳೆ ಬರದಂತೆ ಅಪ್ಪ ಜಾಲರಿ ಹೊಡೆದಿದ್ದಾರೆ.

ಕ್ಯಾಲೆಂಡರಿನ ಕೆಳಗೆ ಚಿಕ್ಕಪ್ಪನಿಗೆ ನಾನು ಹೊಸ ಸಾಲು ಎಳೆದಿದ್ದೇನೆ. ಇದನ್ನು ಬರೆದು ಮೇಷ್ಟ್ರ ಕೈಗೆ ಕೊಡುವ ಈ ದಿನ ಅದರಲ್ಲಿ ಮೂರು ಟಿಕ್ ಇವೆ. ನಾಳೆ ಭಾನುವಾರ.